ಅಕ್ಕನ ಮಕ್ಕಳನ್ನೂ ಶಾಲೆಗೆ ಬಿಡುತ್ತೇನೆ, ಪೆಟ್ರೋಲ್ ದುಡ್ಡು ಕೇಳಬಹುದೇ?

ಪ್ರಶ್ನೆ: ಬ್ರಹ್ಮಾವರದಿಂದ ಮಣಿಪಾಲಕ್ಕೆ ದಿನಾ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಮಗಳ ಶಾಲೆಯೂ ಅಲ್ಲೇ. ಜೂನ್‌ನಿಂದ ಸಂತೆಕಟ್ಟೆಯ ಅಕ್ಕನ ಇಬ್ಬರು ಮಕ್ಕಳೂ ಬೆಳಿಗ್ಗೆ ನನ್ನ ಜೊತೆ ಬರುತ್ತಿದ್ದಾರೆ. ಭಾವ ದುಬೈಯಲ್ಲಿದ್ದಾರೆ. ಸಂಜೆ ಅಕ್ಕ ಗೊತ್ತು ಮಾಡಿದ ರಿಕ್ಷಾದಲ್ಲಿ ಮೂವರೂ ಅವಳ ಮನೆಗೆ ಬರುತ್ತಾರೆ. ತಿಂಗಳಿಗೆ 4,500 ರೂ. ಅಕ್ಕನೇ ಕೊಡುತ್ತಾಳೆ. ಕೆಲಸ ಬಿಟ್ಟು ಬರುವಾಗ ಮಗಳನ್ನು ನಾನು ಕರೆದುಕೊಂಡು ಹೋಗುತ್ತೇನೆ. ಪೆಟ್ರೋಲಿಗೆ ಏನಾದರೂ ತೆಗೆದುಕೋ ಎನ್ನುತ್ತಾಳೆ ಅಕ್ಕ. ಒಡಹುಟ್ಟಿದವಳ ಹತ್ತಿರ ದುಡ್ಡಾ ಎನ್ನುತ್ತಾರೆ ಅಮ್ಮ. ಮೂವರಲ್ಲಿ ಇಬ್ಬರು ಅವರ ಮಕ್ಕಳು, ಹಾಗಾಗಿ ಮೂರರಲ್ಲಿ ಎರಡು ಪಾಲು ಅವರದ್ದು ಎಂದು ಹೆಂಡತಿ. ಯಾವುದು ಸರಿ?

ಉತ್ತರ: ಕೇಳಬಹುದು. ಆದರೆ ಲೆಕ್ಕ ಪೂರ್ತಿ ಹಾಕಿದರೆ ಕೊಡಬೇಕಾದವರು ನೀವೇ ಆಗುತ್ತೀರಿ.

ನಿಮ್ಮ ಹೆಂಡತಿ ತಲೆ ಎಣಿಸಿದ್ದಾರೆ, ಎಣಿಸಬೇಕಾದದ್ದು ರಸ್ತೆಯನ್ನು. ಬ್ರಹ್ಮಾವರದಿಂದ ಸಂತೆಕಟ್ಟೆಯ ತನಕ ಸುಮಾರು 8 ಕಿ.ಮೀ. ಅಕ್ಕನ ಮಕ್ಕಳು ಕಾರಿನಲ್ಲೇ ಇಲ್ಲ, ಅದು ನಿಮ್ಮ ಪಾಲು. ಅಲ್ಲಿಂದ ಅಂಬಾಗಿಲು, ಪೆರಂಪಳ್ಳಿ ಮೇಲಾಗಿ ಮಣಿಪಾಲಕ್ಕೆ ಹೋಗುವ 6 ಕಿ.ಮೀ. ಇಬ್ಬರದ್ದೂ. ಅಕ್ಕನ ಮನೆ ಹೈವೇಯಿಂದ ಒಂದು ಕಿ.ಮೀ. ಒಳಗಿದೆ ಎಂದಿಟ್ಟುಕೊಂಡರೆ, ಹೋಗಿ ಬರುವ ಆ 2 ಕಿ.ಮೀ. ಪೂರ್ತಿ ಅಕ್ಕನದ್ದು.

ಇದು ನಾನು ಕಟ್ಟಿದ ನ್ಯಾಯವಲ್ಲ. 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಲಾಯ್ಡ್ ಶೇಪ್ಲಿ, ಕೂಡಿ ಮಾಡಿದ್ದನ್ನು ಹಂಚಿಕೊಳ್ಳುವುದಕ್ಕೆ 1953ರಲ್ಲೇ ಒಂದು ಸೂತ್ರ ಕೊಟ್ಟಿದ್ದರು. ಅದನ್ನು ವಿಮಾನ ನಿಲ್ದಾಣದ ರನ್‌ವೇ ಖರ್ಚಿಗೆ ಅನ್ವಯಿಸಿದರೆ ಹೀಗಾಗುತ್ತದೆ: ಸಣ್ಣ ವಿಮಾನಕ್ಕೂ ಬೇಕಾದಷ್ಟು ಉದ್ದದ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕು, ದೊಡ್ಡ ವಿಮಾನಕ್ಕಾಗಿ ಉದ್ದ ಮಾಡಿದ ಭಾಗವನ್ನು ದೊಡ್ಡವು ಮಾತ್ರ ಹೊರಬೇಕು. ಯಾವ ತುಂಡನ್ನು ಯಾರು ಬಳಸುತ್ತಾರೋ ಅವರ ನಡುವೆ ಮಾತ್ರ ಆ ತುಂಡಿನ ಹಂಚಿಕೆ.

ಕಿ.ಮೀ.ಗೆ ಎಷ್ಟು? ಪೆಟ್ರೋಲ್ ಲೀಟರಿಗೆ ನೂರು ದಾಟಿದೆ. ಕಾರು 15 ಕಿ.ಮೀ. ಕೊಟ್ಟರೆ ಸುಮಾರು 7 ರೂ. ಆಯಿತು. ಟಯರು, ಆಯಿಲು, ಸರ್ವೀಸು ಸೇರಿಸಿ 10 ರೂ. ಇಟ್ಟುಕೊಳ್ಳಿ. ಕಾರಿನ ಸಾಲದ ಕಂತು, ಇನ್ಶೂರೆನ್ಸ್ ಇದಕ್ಕೆ ಸೇರಿಸಬೇಡಿ. ಅಕ್ಕನ ಮಕ್ಕಳು ಹತ್ತದಿದ್ದರೂ ಅವನ್ನು ನೀವು ಕಟ್ಟಲೇಬೇಕಿತ್ತು.

ಕೂಡಿ ಹೋಗುವ 6 ಕಿ.ಮೀ.ಯನ್ನು ಮನೆಗೆ ಅರ್ಧದಂತೆ ಹಂಚಿ, ಮಕ್ಕಳ ಲೆಕ್ಕದಲ್ಲಲ್ಲ. ಹಿಂದಿನ ಸೀಟಿನಲ್ಲಿ ಇನ್ನೊಂದು ಮಗು ಕೂತರೆ ಪೆಟ್ರೋಲ್ ಹೆಚ್ಚೇನೂ ಕುಡಿಯುವುದಿಲ್ಲ. ಅಂದರೆ ಅಕ್ಕನ ಪಾಲು 3 ಮತ್ತು 2, ಒಟ್ಟು 5 ಕಿ.ಮೀ., ದಿನಕ್ಕೆ 50 ರೂ. ತಿಂಗಳಲ್ಲಿ 22 ದಿನ ಶಾಲೆ ಇದ್ದರೆ 1,100.

ಈಗ ಸಂಜೆಯ ಕತೆ. ಶಾಲೆಯ ರಿಕ್ಷಾದವರು ಸಾಮಾನ್ಯವಾಗಿ ಮಗುವಿಗೆ ಇಷ್ಟು ಎಂದೇ ಹಣ ಹೇಳುವುದು. ಇಲ್ಲಿ ತಲೆ ಎಣಿಸುವುದೇ ಸರಿ: 4,500ರಲ್ಲಿ ನಿಮ್ಮ ಮಗಳದ್ದು 1,500. ಅಕ್ಕ ನಿಮಗೆ 1,100 ಕೊಡಬೇಕು, ನೀವು ಅಕ್ಕನಿಗೆ 1,500. ಬಾಕಿ 400 ನಿಮ್ಮ ಮೇಲೆ! ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಮೇಲೆ ರಜೆ ಕೊಟ್ಟು ಶಾಲೆ 16 ದಿನಕ್ಕೆ ಇಳಿದರೆ ಅಕ್ಕನ ಪಾಲು 800 ಆಗುತ್ತದೆ. ರಿಕ್ಷಾದವರ ತಿಂಗಳ ಹಣ ಮಾತ್ರ ಇಳಿಯುವುದಿಲ್ಲ. ಆಗ ಬಾಕಿ 700.

ಸಂಜೆ ಹೊತ್ತು ಮಗಳಿಗೆ ಚಾ, ತಿಂಡಿ, ಹೋಂವರ್ಕ್ ಎಲ್ಲ ಅಕ್ಕನ ಮನೆಯಲ್ಲೇ ತಾನೇ? ನಿಮ್ಮ ಡ್ರೈವಿಂಗಿಗೆ ಬೆಲೆ ಕಟ್ಟುವ ಆಲೋಚನೆ ಬಂದರೆ ಅದಕ್ಕೂ ಕಟ್ಟಬೇಕಾಗುತ್ತದೆ. ಎರಡನ್ನೂ ಬಿಟ್ಟುಬಿಡಿ. ನೀವು ಹೇಗೂ ಮಣಿಪಾಲಕ್ಕೆ ಹೋಗುವವರು, ಅಕ್ಕ ಅಷ್ಟು ಹೊತ್ತು ಕಟ್ಟಿಬಿದ್ದವಳು. ನನ್ನ ಕೇಳಿದರೆ ಅವಳ ತೂಕವೇ ಹೆಚ್ಚು.

ಅಮ್ಮನ ಸಂಕಟಕ್ಕೆ ಸುಲಭ ದಾರಿ ಇದೆ. ಅಕ್ಕನ ಕೈಯಿಂದ ಪೆಟ್ರೋಲ್ ದುಡ್ಡು ಬೇಡ, ರಿಕ್ಷಾದವರಿಗೆ ತಿಂಗಳ ಹಣದಲ್ಲಿ 500 ರೂ. ನೀವೇ ನೇರ ಗೂಗಲ್ ಪೇ ಮಾಡಿ. ಒಡಹುಟ್ಟಿದವರ ನಡುವೆ ನೋಟು ಓಡಾಡುವುದಿಲ್ಲ, ಲೆಕ್ಕವೂ ಹತ್ತಿರ ಹತ್ತಿರ ಸಮ.

ಇನ್ನೆರಡು ಮಾತು. ಹದಿನಾಲ್ಕರ ಒಳಗಿನ ಮಕ್ಕಳು ಸೀಟ್ ಬೆಲ್ಟ್ ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 1,000 ರೂ. ದಂಡ, ಹಿಂದಿನ ಸೀಟಿನ ಮೂವರಿಗೂ ಹಾಕಿಸಿ. ಮತ್ತೆ, ‘ಹೇಗೂ ಹೋಗ್ತೀರಲ್ಲ’ ಎಂದು ಅಕ್ಕಪಕ್ಕದವರೂ ತಿಂಗಳ ಹಣ ಕೊಟ್ಟು ಮಕ್ಕಳನ್ನು ಕಳಿಸಲು ಬಂದರೆ ಒಪ್ಪಬೇಡಿ. ಸ್ವಂತ ಕಾರಿನ ವಿಮೆ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ. ಅಪಘಾತವಾದ ದಿನ ಕಂಪೆನಿಯವರು ಮೊದಲು ಕೇಳುವುದರಲ್ಲಿ ಅದೂ ಒಂದು.