ಎಳೆಯದೇ ಉಳಿದಿದ್ದ ಗೆರೆ: ಕಿರ್ಗಿಸ್ತಾನ–ತಜಿಕಿಸ್ತಾನ ಗಡಿ ಒಪ್ಪಂದದ ಹಿನ್ನೆಲೆ

2025ರ ಮಾರ್ಚ್ 13ರಂದು ಕಿರ್ಗಿಸ್ತಾನದ ಅಧ್ಯಕ್ಷ ಸದಿರ್ ಜಪರೋವ್ ಮತ್ತು ತಜಿಕಿಸ್ತಾನದ ಅಧ್ಯಕ್ಷ ಎಮೊಮಾಲಿ ರಹಮೋನ್ ಕಿರ್ಗಿಜ್ ರಾಜಧಾನಿ ಬಿಷ್ಕೆಕ್‌ನಲ್ಲಿ ಗಡಿ ಒಪ್ಪಂದಕ್ಕೆ ಸಹಿ ಹಾಕಿದರು. 2021ರಿಂದ ಮುಚ್ಚಿದ್ದ ಎರಡು ಗಡಿ ಠಾಣೆಗಳು ಅಂದೇ ತೆರೆದವು. ಈ ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧ ಏರ್ಪಟ್ಟದ್ದು 1993ರ ಜನವರಿಯಲ್ಲಿ; ತಮ್ಮ ನಡುವಿನ ಸುಮಾರು 970 ಕಿಲೋಮೀಟರ್ ಗಡಿ ಎಲ್ಲೆಲ್ಲಿ ಹಾಯುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ಅವುಗಳಿಗೆ ಮತ್ತೆ 32 ವರ್ಷ ಹಿಡಿಯಿತು.

ಕಿರ್ಗಿಜರು ಮೂಲತಃ ಪಶುಪಾಲಕರು, ತಜಿಕರು ಬೇಸಾಯಗಾರರು, ಆದ್ದರಿಂದ ಇದು ಹಳೆಯ ಜನಾಂಗೀಯ ವೈರ ಎಂಬ ವಿವರಣೆ ಆಗಾಗ ಕೇಳಿಬರುತ್ತದೆ. ಅದರಲ್ಲಿ ಹೆಚ್ಚು ಹುರುಳಿಲ್ಲ. ಜಗಳದ ಬೇರು ಇರುವುದು ಸೋವಿಯತ್ ಆಡಳಿತದ ಕಡತಗಳಲ್ಲಿ. 1924ರಲ್ಲಿ ಮಧ್ಯ ಏಷ್ಯಾವನ್ನು ಜನಾಂಗಗಳ ಆಧಾರದ ಮೇಲೆ ವಿಂಗಡಿಸಿದ ಸರ್ಕಾರ, ಮುಂದಿನ ದಶಕಗಳಲ್ಲಿ ಆ ನಕಾಶೆಗಳನ್ನು ಮತ್ತೆ ಮತ್ತೆ ತಿದ್ದಿತು. ಹೀಗಾಗಿ ಮಾತುಕತೆಯ ಮೇಜಿಗೆ ತಜಿಕರು 1920ರ ದಶಕದ ನಕಾಶೆಗಳನ್ನು ತಂದರೆ, ಕಿರ್ಗಿಜರು 1950ರ ದಶಕದ ಕೊನೆಯಲ್ಲಿ ನೇಮಕವಾಗಿದ್ದ ಜಂಟಿ ಆಯೋಗದ ದಾಖಲೆಗಳನ್ನು ಮುಂದಿಡುತ್ತಿದ್ದರು. ಒಂದೇ ದೇಶದೊಳಗಿನ ಗಣರಾಜ್ಯಗಳಿಗೆ ಆ ಗೆರೆ ನಿಖರವಾಗಿರಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಸೋವಿಯತ್ ಒಕ್ಕೂಟ ಇನ್ನೂ ಬದುಕಿದ್ದ 1989ರಲ್ಲೇ ತಜಿಕಿಸ್ತಾನದ ಇಸ್ಫಾರಾ ಮತ್ತು ಕಿರ್ಗಿಸ್ತಾನದ ಬಾಟ್ಕೆನ್ ಸುತ್ತಿನ ಹಳ್ಳಿಗಳು ನೆಲ-ನೀರಿಗಾಗಿ ಹೊಡೆದಾಡಿಕೊಂಡಿದ್ದವು.

ಇಲ್ಲಿನ ಭೂಗೋಳವೇ ತೊಡಕಿನದು. ತಜಿಕಿಸ್ತಾನಕ್ಕೆ ಸೇರಿದ ವೊರುಖ್ ಪ್ರದೇಶದ ಸುತ್ತಲೂ ಇರುವುದು ಕಿರ್ಗಿಜ್ ನೆಲ. ಅಲ್ಲಿಯ ಜನ ತಮ್ಮದೇ ದೇಶದ ಇಸ್ಫಾರಾ ಪಟ್ಟಣಕ್ಕೆ ಹೋಗಬೇಕಾದರೂ ಅನ್ಯ ದೇಶವನ್ನು ಹಾಯಬೇಕು. ಅತ್ತ ಬಾಟ್ಕೆನ್‌ನ ಕೆಲವು ಕಿರ್ಗಿಜ್ ಹಳ್ಳಿಗಳಿಗೆ ಹೋಗುವ ರಸ್ತೆಗೂ ಇದೇ ಗತಿ. ಕೆಲವೆಡೆ ಒಂದೇ ಬೀದಿಯಲ್ಲಿ ಒಂದು ಮನೆ ಈ ದೇಶದ್ದು, ಪಕ್ಕದ್ದು ಆ ದೇಶದ್ದು.

ಇಸ್ಫಾರಾ ನದಿಯ ನೀರನ್ನು ಕಾಲುವೆಗೆ ತಿರುಗಿಸುವ ಗೊಲೊವ್ನೊಯ್ ಎಂಬ ನೀರು ಹಂಚಿಕೆ ಕೇಂದ್ರ ಕೋಕ್-ತಾಶ್ ಹಳ್ಳಿಯ ಬಳಿಯಿದೆ. ಅದು ತಮ್ಮದೆಂದು ಎರಡೂ ದೇಶಗಳು ಹೇಳುತ್ತಿದ್ದವು. 2021ರ ಏಪ್ರಿಲ್ ಕೊನೆಯಲ್ಲಿ, ಹೊಲಗಳಿಗೆ ನೀರು ಬೇಕಾದ ಹೊತ್ತಿನಲ್ಲೇ, ತಜಿಕರು ಅಲ್ಲಿನ ಕಂಬವೊಂದಕ್ಕೆ ಕಣ್ಗಾವಲು ಕ್ಯಾಮೆರಾ ಅಳವಡಿಸಲು ಹೊರಟರು, ಕಿರ್ಗಿಜರು ಅದನ್ನು ಕೀಳಲು ಮುಂದಾದರು. ಕಲ್ಲು ತೂರಾಟದಿಂದ ಆರಂಭವಾದದ್ದು ಮರುದಿನದ ಹೊತ್ತಿಗೆ ಸೇನೆಗಳ ಗುಂಡಿನ ಕಾಳಗವಾಗಿ, 50ಕ್ಕೂ ಹೆಚ್ಚು ಜನ ಸತ್ತರು. 2022ರ ಸೆಪ್ಟೆಂಬರ್‌ನಲ್ಲಿ ನಡೆದದ್ದು ಇನ್ನೂ ಘೋರ. ಸಮರ್ಕಂಡ್‌ನಲ್ಲಿ ಶಾಂಘೈ ಸಹಕಾರ ಸಂಘಟನೆಯ ಶೃಂಗಸಭೆಗೆ ಇಬ್ಬರೂ ಅಧ್ಯಕ್ಷರು ಹೋಗಿದ್ದಾಗಲೇ ಗಡಿಯಲ್ಲಿ ಕದನ ನಡೆದು, ಎರಡೂ ಕಡೆ ಸೇರಿ 100ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಕಿರ್ಗಿಸ್ತಾನವೊಂದೇ ಲಕ್ಷಕ್ಕೂ ಅಧಿಕ ಮಂದಿಯನ್ನು ಸ್ಥಳಾಂತರಿಸಿತು.

ಎರಡೂ ದೇಶಗಳು ರಷ್ಯಾ ನೇತೃತ್ವದ ಸಾಮೂಹಿಕ ಭದ್ರತಾ ಒಪ್ಪಂದ ಸಂಘಟನೆಯ ಸದಸ್ಯರು. ಎರಡೂ ಕಡೆ ರಷ್ಯಾದ ಸೇನಾ ನೆಲೆಗಳಿವೆ. ಆ ಮೈತ್ರಿಯಿಂದ ಏನೂ ಆಗಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಂಘಟನೆ ಕಿರ್ಗಿಜ್ ನೆಲದಲ್ಲಿ ನಡೆಸಬೇಕಿದ್ದ ‘ಅಭೇದ್ಯ ಸೋದರತ್ವ’ ಎಂಬ ಹೆಸರಿನ ಜಂಟಿ ಸಮರಾಭ್ಯಾಸವನ್ನು ಕಿರ್ಗಿಸ್ತಾನ ರದ್ದುಪಡಿಸಿತು. ಹೆಸರನ್ನು ನೋಡಿದರೆ ಬೇರೆ ದಾರಿಯೂ ಇರಲಿಲ್ಲ ಎನಿಸುತ್ತದೆ.

ಮುಂದೆ ಕೆಲಸ ಸಾಧಿಸಿದವರು ವಿದೇಶಾಂಗ ಸಚಿವರಲ್ಲ, ಆಗ ಭದ್ರತಾ ಇಲಾಖೆಗಳ ಮುಖ್ಯಸ್ಥರಾಗಿದ್ದ ಕಿರ್ಗಿಸ್ತಾನದ ಕಮ್ಚಿಬೆಕ್ ತಾಶಿಯೆವ್ ಮತ್ತು ತಜಿಕಿಸ್ತಾನದ ಸೈಮುಮಿನ್ ಯಾತಿಮೋವ್. ಅವರ ಮಾತುಕತೆಯ ವಿವರಗಳು ಕೊನೆಯವರೆಗೂ ಹೊರಬೀಳಲಿಲ್ಲ. ಒಪ್ಪಂದ ಸಾಧ್ಯವಾದದ್ದಕ್ಕೆ ಈ ಗೌಪ್ಯತೆಯೇ ಒಂದು ಕಾರಣ ಎಂದು ಹೇಳಬೇಕಾಗುತ್ತದೆ. ಬಿಷ್ಕೆಕ್‌ನಲ್ಲಿ ಬಿಗಿಯಾಗುತ್ತಿದ್ದ ಆಡಳಿತ ಇನ್ನೊಂದು ಕಾರಣ. ನೆಲ ಬಿಟ್ಟುಕೊಡುವುದು ಕಿರ್ಗಿಸ್ತಾನದಲ್ಲಿ ಹಿಂದೆಲ್ಲ ಜನರನ್ನು ಬೀದಿಗಿಳಿಸುವ ವಿಷಯವಾಗಿತ್ತು. ಆದರೆ 2022ರಲ್ಲಿ ಉಜ್ಬೇಕಿಸ್ತಾನದೊಂದಿಗೆ ಕೆಂಪಿರ್-ಅಬಾದ್ ಜಲಾಶಯದ ವಿಚಾರವಾಗಿ ಆದ ಒಪ್ಪಂದವನ್ನು ವಿರೋಧಿಸಿದ 20ಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. 2024ರಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತಾದರೂ ಅಷ್ಟರಲ್ಲಿ ಉಳಿದವರಿಗೆ ಪಾಠ ಮುಟ್ಟಿತ್ತು.

ಹೊಸ ಒಪ್ಪಂದದಂತೆ ಗೊಲೊವ್ನೊಯ್ ಅನ್ನು ಎರಡೂ ದೇಶಗಳು ಜೊತೆಯಾಗಿ ಬಳಸಬೇಕು, ವಿವಾದಿತ ರಸ್ತೆಗಳು ಇಬ್ಬರ ಬಳಕೆಗೂ ತೆರೆದಿರಬೇಕು. ನೆಲಕ್ಕೆ ಪ್ರತಿಯಾಗಿ ನೆಲದ ವಿನಿಮಯವೂ ನಡೆಯಿತು: ಎರಡು ಕದನಗಳಲ್ಲಿ ನಲುಗಿದ್ದ ಬಾಟ್ಕೆನ್‌ನ ದೋಸ್ತುಕ್ ಹಳ್ಳಿ ತಜಿಕಿಸ್ತಾನದ ಪಾಲಾಯಿತು. ಅಲ್ಲಿನ ಕುಟುಂಬಗಳಿಗೆ ಕಿರ್ಗಿಜ್ ಸರ್ಕಾರ ಬೇರೆಡೆ ಮನೆ ಒದಗಿಸುವ ಭರವಸೆ ನೀಡಿತು. ಹಳ್ಳಿಯನ್ನು ಬಿಟ್ಟುಕೊಡುವ ತೀರ್ಮಾನ ಮಾತ್ರ ಅವರಿಗೆ ತಿಳಿದದ್ದು ಮಾತುಕತೆ ಮುಗಿದ ಮೇಲೆ.