ಹದವಾದ ಬೆಲೆಗೆ ಹದವಾದ ಅಲಗು

ದಪ್ಪನೆಯ ಕ್ಯಾರೆಟ್ಟನ್ನು ಸಾಧಾರಣ ಚಾಕುವಿನಿಂದ ಅಡ್ಡಲಾಗಿ ಕತ್ತರಿಸುವಾಗ ಅಲಗು ಅರ್ಧಕ್ಕೆ ಇಳಿಯುತ್ತಿದ್ದಂತೆ ‘ಟಕ್’ ಎಂದು ಸದ್ದಾಗಿ ಉಳಿದರ್ಧ ತಾನಾಗಿಯೇ ಬಿರಿಯುತ್ತದೆ. ತುಂಡನ್ನು ತಿರುಗಿಸಿ ನೋಡಿದರೆ ಮೇಲುಭಾಗ ನುಣುಪಾಗಿಯೂ ಕೆಳಭಾಗ ಒರಟಾಗಿಯೂ ಕಾಣುತ್ತದೆ. ನುಣುಪು ಭಾಗವನ್ನು ಕೊಯ್ದದ್ದು ಚಾಕುವಿನ ಅಂಚು. ಒರಟು ಭಾಗವನ್ನು ಸೀಳಿದ್ದು ಅಂಚಿನ ಹಿಂದಿರುವ ಉಕ್ಕಿನ ದಪ್ಪ. ಅಂಚು ಎಷ್ಟೇ ಹರಿತವಾಗಿದ್ದರೂ ಅದರ ಹಿಂದೆ ಬರುವ ಅಲಗು ದಪ್ಪವಾಗಿದ್ದರೆ ಅದು ಬೆಣೆಯಾಗಿ ತರಕಾರಿಯನ್ನು ಎರಡೂ ಬದಿಗೆ ತಳ್ಳುತ್ತದೆ. ಜಪಾನಿ ಅಡುಗೆ ಚಾಕುಗಳು ಹೆಸರು ಮಾಡಿರುವುದು ಮುಖ್ಯವಾಗಿ ಈ ದಪ್ಪವನ್ನು ಇಳಿಸಿದ್ದರಿಂದ. ಹಣ ಮಿತವಾಗಿದ್ದಾಗ ಮೊದಲು ಕೊಳ್ಳಬೇಕಾದದ್ದೂ ಈ ತೆಳುತನವನ್ನೇ. ಚಾಕುವನ್ನು ಬುಡದ ಕಡೆಯಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ, ಸುಮಾರು ಎರಡು ಮಿಲಿಮೀಟರ್ ದಪ್ಪದ ಬೆನ್ನಿನಿಂದ ಅಲಗು ಒಂದೇ ಸಮನೆ ಇಳಿಯುತ್ತಾ ಬಂದು, ಅಂಚಿನ ತುಸು ಮೇಲೆ ಅರ್ಧ ಮಿಲಿಮೀಟರಿಗಿಂತಲೂ ತೆಳ್ಳಗಾಗಿರಬೇಕು.

ತೆಳುತನ ಅಷ್ಟು ಒಳ್ಳೆಯದಾದರೆ ಎಲ್ಲ ಚಾಕುಗಳನ್ನೂ ಹಾಗೆಯೇ ಏಕೆ ಮಾಡುವುದಿಲ್ಲವೆಂದರೆ, ಮೆದು ಉಕ್ಕು ಅದನ್ನು ತಾಳುವುದಿಲ್ಲ. ಚೆನ್ನಾಗಿ ಸಾಣೆ ಹಿಡಿದ ಅಂಚಿನ ತುದಿ ಒಂದು ಮೈಕ್ರೋಮೀಟರಿಗಿಂತಲೂ ಕಿರಿದಾಗಿರಬಲ್ಲದು. ಕೈಯ ಅಲ್ಪ ಬಲವೆಲ್ಲ ಅಷ್ಟು ಸಣ್ಣ ಜಾಗದಲ್ಲಿ ಒಟ್ಟಾಗುವುದರಿಂದಲೇ ಟೊಮ್ಯಾಟೊ ಸಿಪ್ಪೆ ಜಜ್ಜಿಹೋಗುವ ಮೊದಲು ತುಂಡಾಗುತ್ತದೆ. ಆದರೆ ಅದೇ ಒತ್ತಡವನ್ನು ಅಂಚು ಕೂಡ ತಡೆದುಕೊಳ್ಳಬೇಕು. ಮೆದು ಉಕ್ಕಿನ ತೆಳು ಅಂಚು ಬೇಗನೆ ಒಂದು ಬದಿಗೆ ಮಡಚಿಕೊಳ್ಳುತ್ತದೆ. ಉಕ್ಕಿನ ಗಡಸುತನವನ್ನು ಅಳೆಯಲು ವಜ್ರದ ಮೊನೆಯೊಂದನ್ನು ಗೊತ್ತಾದ ಭಾರದಿಂದ ಒತ್ತಿ, ಅದು ಎಷ್ಟು ಆಳಕ್ಕೆ ಇಳಿಯಿತೆಂದು ನೋಡುತ್ತಾರೆ. ಈ ರಾಕ್‌ವೆಲ್ ಸಿ ಮಾಪನದಲ್ಲಿ ಜರ್ಮನ್ ಮಾದರಿಯ ಚಾಕುಗಳು ಸಾಮಾನ್ಯವಾಗಿ 56ರಿಂದ 58ರವರೆಗೆ ಇದ್ದರೆ, ಒಳ್ಳೆಯ ಜಪಾನಿ ಚಾಕುಗಳು 60ರ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಇರುತ್ತವೆ. ಹಾಗಾಗಿಯೇ ಅವುಗಳ ಅಂಚನ್ನು ಪ್ರತಿ ಬದಿಗೆ 20 ಡಿಗ್ರಿಯ ಬದಲು 15 ಡಿಗ್ರಿಗೋ ಇನ್ನೂ ಕಡಿಮೆಗೋ ಸಾಣೆ ಹಿಡಿಯಬಹುದು.

ಈ ಗಡಸುತನ ಉಕ್ಕಿನ ಹೆಸರಿನಿಂದ ಬರುವುದಿಲ್ಲ, ಅದನ್ನು ಹದ ಮಾಡುವುದರಿಂದ ಬರುತ್ತದೆ. ಸಾದಾ ಇಂಗಾಲದ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಕಬ್ಬಿಣದ ಪರಮಾಣುಗಳ ಜೋಡಣೆ ಬದಲಾಗಿ ಇಂಗಾಲ ಅದರೊಳಗೆ ಕರಗುತ್ತದೆ. ಆ ಕೂಡಲೇ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿ ತಣಿಸಿದರೆ, ಹೊರಬರಲು ಪುರುಸೊತ್ತಿಲ್ಲದ ಇಂಗಾಲ ಅಲ್ಲಿಯೇ ಸಿಕ್ಕಿಕೊಂಡು ಇಡೀ ರಚನೆಯನ್ನು ಬಿಗಿದು ನಿಲ್ಲಿಸುತ್ತದೆ. ಮಾರ್ಟೆನ್ಸೈಟ್ ಎಂಬ ಈ ರಚನೆ ಎಷ್ಟು ಗಡಸೋ ಅಷ್ಟೇ ಪೆಡಸು. ಹಾಗೆಯೇ ಬಿಟ್ಟರೆ ಅಲಗು ಒಂದೇ ಪೆಟ್ಟಿಗೆ ಮುರಿದೀತು. ಆದ್ದರಿಂದ ಅದನ್ನು ಮತ್ತೆ 150ರಿಂದ 200 ಡಿಗ್ರಿಯವರೆಗೆ ಹಗುರವಾಗಿ ಕಾಯಿಸಿ, ಗಡಸುತನವನ್ನು ತುಸು ಬಿಟ್ಟುಕೊಟ್ಟು ತಾಳಿಕೆಯನ್ನು ಪಡೆಯುತ್ತಾರೆ. ಒಂದೇ ಉಕ್ಕನ್ನು ಬಳಸುವ ಇಬ್ಬರು ತಯಾರಕರ ಚಾಕುಗಳಲ್ಲಿ ಒಂದು ವಾರಗಟ್ಟಲೆ ಹರಿತ ಉಳಿಸಿಕೊಂಡು, ಇನ್ನೊಂದರ ಅಂಚು ಬೇಗ ಚಕ್ಕೆ ಏಳುವುದಕ್ಕೆ ಈ ಹಂತದ ವ್ಯತ್ಯಾಸವೇ ಹೆಚ್ಚಾಗಿ ಕಾರಣ. ಕೊಳ್ಳುವವರಿಗೆ ಇದು ಕಣ್ಣಿಗೆ ಕಾಣದಿರುವುದರಿಂದ, ಒಂದೇ ಉಕ್ಕಿನಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿ ಹೆಸರು ಉಳಿಸಿಕೊಂಡ ತಯಾರಕರನ್ನು ನಂಬುವುದು ಹೊಸ ಉಕ್ಕಿನ ಹೆಸರನ್ನು ನಂಬುವುದಕ್ಕಿಂತ ಲೇಸು.

ಅಂಚು ಹಾಳಾಗುವುದು ಸವೆತದಿಂದ ಮಾತ್ರವಲ್ಲ. ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲು ಕ್ಷೌರದ ಬ್ಲೇಡನ್ನು ಮೊಂಡಾಗಿಸುವುದು ಹೇಗೆಂದು ಅಮೆರಿಕದ ಎಂಐಟಿ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದಡಿ ತೋರಿಸಿದರು. ಕೂದಲು ಬಾಗಿ ಅಂಚನ್ನು ಓರೆಯಾಗಿ ಎದುರಿಸಿದಾಗ, ಉಕ್ಕಿನ ರಚನೆ ಒಂದೇ ಸಮನಾಗಿಲ್ಲದ ಜಾಗದಲ್ಲಿ ಪುಟ್ಟ ಚಕ್ಕೆ ಕಿತ್ತುಬರುತ್ತದೆ. ಅಡುಗೆಮನೆಯ ಚಾಕು ಕ್ಷೌರದ ಬ್ಲೇಡ್ ಅಲ್ಲ, ನಿಜ. ಆದರೆ ಗಡಸು ಅಂಚಿಗೆ ನೇರ ಹೊರೆಗಿಂತ ಓರೆ ಹೊರೆ ಹೆಚ್ಚು ಅಪಾಯವೆಂಬುದು ಇಲ್ಲಿಗೂ ಸಲ್ಲುತ್ತದೆ. ಕುಂಬಳಕಾಯಿಯಲ್ಲಿ ಸಿಕ್ಕಿಕೊಂಡ ಚಾಕುವನ್ನು ಅತ್ತಿತ್ತ ತಿರುಚುವುದು, ಹೆಚ್ಚಿದ ತರಕಾರಿಯನ್ನು ಅಂಚಿನಿಂದಲೇ ಹಲಗೆಯ ಮೇಲೆ ಬಳಿಯುವುದು, ಮೂಳೆಯನ್ನೋ ಹೆಪ್ಪುಗಟ್ಟಿದ ಮಾಂಸವನ್ನೋ ಕಡಿಯುವುದು, ಇವೆಲ್ಲ ತೆಳು ಅಲಗಿಗೆ ಒಗ್ಗುವ ಕೆಲಸಗಳಲ್ಲ. ಮನೆಯಲ್ಲಿ ಇವೇ ಹೆಚ್ಚು ನಡೆಯುತ್ತವೆಂದಾದರೆ ಜಪಾನಿ ಚಾಕುವಿನ ಆಸೆ ಬಿಟ್ಟು ದಪ್ಪ ಅಲಗಿನದನ್ನು ಕೊಳ್ಳುವುದು ಜಾಣತನ.

ಉಕ್ಕುಗಳ ಪಟ್ಟಿ ಉದ್ದವಾಗಿದ್ದರೂ ಆಯ್ಕೆ ನಿಜಕ್ಕೂ ಎರಡೇ ಬಗೆಯದು: ಇಂಗಾಲದ ಉಕ್ಕು, ಇಲ್ಲವೇ ತುಕ್ಕುನಿರೋಧಕ ಉಕ್ಕು. ಜಪಾನಿನ ಶಿಮಾನೆ ಪ್ರಾಂತದ ಯಾಸುಗಿಯಲ್ಲಿ ತಯಾರಾಗುವ ಶಿರೊಗಾಮಿ ಎಂಬ ಇಂಗಾಲದ ಉಕ್ಕು ಬಹುಮಟ್ಟಿಗೆ ಕಬ್ಬಿಣ ಮತ್ತು ಇಂಗಾಲ ಮಾತ್ರ. ಅದರ 2ನೇ ದರ್ಜೆಯಲ್ಲಿ ಇಂಗಾಲ ಶೇಕಡಾ 1.05ರಿಂದ 1.15ರಷ್ಟಿರುತ್ತದೆ. ಅದೇ ಬಗೆಯ ಆವೊಗಾಮಿ ಉಕ್ಕಿನಲ್ಲಿ ತುಸು ಟಂಗ್‌ಸ್ಟನ್ ಮತ್ತು ಕ್ರೋಮಿಯಂ ಸೇರಿಸಿರುವುದರಿಂದ ಸವೆತ ನಿಧಾನ. ಇವೆರಡೂ ಸಾಣೆಕಲ್ಲಿಗೆ ಸುಲಭವಾಗಿ ಒಲಿಯುತ್ತವೆ, ಆದರೆ ನಿಂಬೆಹಣ್ಣನ್ನೋ ಈರುಳ್ಳಿಯನ್ನೋ ಹೆಚ್ಚಿ ಒರೆಸದೆ ಬಿಟ್ಟರೆ ಕಪ್ಪುಗಟ್ಟುತ್ತವೆ, ತೇವ ನಿಂತರೆ ತುಕ್ಕು ಹಿಡಿಯುತ್ತವೆ. ಎಚಿಜೆನ್‌ನ ತಾಕೆಫು ಸ್ಪೆಷಲ್ ಸ್ಟೀಲ್ ಕಂಪನಿಯ ವಿಜಿ-10 ಉಕ್ಕಿನಲ್ಲಿ ಸುಮಾರು ಶೇಕಡಾ 1ರಷ್ಟು ಇಂಗಾಲವೂ ಶೇಕಡಾ 15ರಷ್ಟು ಕ್ರೋಮಿಯಂ ಕೂಡ ಇದ್ದು, ಆ ಕ್ರೋಮಿಯಂ ಮೇಲ್ಮೈಯಲ್ಲಿ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರವಾಗಿ ನಿಂತು ತುಕ್ಕನ್ನು ತಡೆಯುತ್ತದೆ. ಮೊದಲ ಚಾಕುವಿಗೆ ವಿಜಿ-10 ಅಥವಾ ಅಂತಹದೇ ತುಕ್ಕುನಿರೋಧಕ ಉಕ್ಕು ಸಾಕೆಂಬುದು ನನ್ನ ಅಭಿಪ್ರಾಯ. ಇಂಗಾಲದ ಉಕ್ಕೇ ಬೇಕೆನ್ನುವವರು, ಅದನ್ನು ಒಳಗಿಟ್ಟು ಹೊರಗೆ ತುಕ್ಕುನಿರೋಧಕ ಉಕ್ಕನ್ನು ಹೊದಿಸಿದ ಅಲಗನ್ನು ಹುಡುಕಬಹುದು; ಆಗ ಒರೆಸುವ ಎಚ್ಚರ ಅಂಚಿನ ಗೆರೆಗಷ್ಟೇ ಬೇಕಾಗುತ್ತದೆ.

ಅಲಗಿನ ಮೇಲೆ ಅಲೆಯಲೆಯಾಗಿ ಕಾಣುವ ಡಮಾಸ್ಕಸ್ ಚಿತ್ತಾರ ಈ ಹೊರ ಹೊದಿಕೆಯದು. ಕೊಯ್ಯುವ ಅಂಚು ಒಳಗಿನ ಉಕ್ಕಿನದಾದ್ದರಿಂದ ಚಿತ್ತಾರ ಹರಿತಕ್ಕೆ ಏನನ್ನೂ ಸೇರಿಸುವುದಿಲ್ಲ, ಬೆಲೆಗೆ ಮಾತ್ರ ಸೇರಿಸುತ್ತದೆ. ಜಪಾನಿ ಚಾಕು ಖಡ್ಗದ ಪರಂಪರೆಯಿಂದ ಬಂದದ್ದೆಂಬ ಮಾರಾಟಗಾರರ ಮಾತನ್ನೂ ಇದೇ ಎಚ್ಚರದಿಂದ ಕೇಳಬೇಕು. ಜಪಾನಿನಲ್ಲಿ ಬಹಿರಂಗವಾಗಿ ಖಡ್ಗ ಧರಿಸುವುದನ್ನು 1876ರಲ್ಲಿ ನಿಷೇಧಿಸಿದ ಮೇಲೆ ಕಮ್ಮಾರರಲ್ಲಿ ಹಲವರು ಚಾಕು ಮತ್ತು ಬೇಸಾಯದ ಉಪಕರಣಗಳತ್ತ ಹೊರಳಿದರೆಂಬುದು ಇತಿಹಾಸ. ಆದರೆ ಮಧ್ಯಮ ಬೆಲೆಯ ಅನೇಕ ಚಾಕುಗಳು ಮೊದಲೇ ಪದರ ಬೆಸೆದ ಉಕ್ಕಿನ ಹಾಳೆಯಿಂದ ಕತ್ತರಿಸಿ ತೆಗೆದಂಥವು. ಅದರಲ್ಲಿ ತಪ್ಪೇನಿಲ್ಲ, ಹದ ಸರಿಯಾಗಿದ್ದರೆ ಸಾಕು.

ಆಕಾರದ ಮಟ್ಟಿಗೆ, ಎಲ್ಲ ಕೆಲಸಕ್ಕೂ ಒದಗುವುದು 210 ಮಿಲಿಮೀಟರ್ ಉದ್ದದ, ಗ್ಯೂತೊ ಎಂಬ ಮೊನಚು ತುದಿಯ ಅಡುಗೆ ಚಾಕು. ಜಾಗ ಕಡಿಮೆಯಿದ್ದರೆ 165ರಿಂದ 180 ಮಿಲಿಮೀಟರಿನ, ಸಾಂತೊಕು ಎಂಬ ಗಿಡ್ಡ ಚಾಕು ಆದೀತು. ಸಕಾಯ್ ಊರಿಗೆ ಹೆಸರು ತಂದ ಯಾನಾಗಿಬಾದಂತಹ, ಒಂದೇ ಬದಿಗೆ ಸಾಣೆ ಹಿಡಿದ ಚಾಕುಗಳು ಹಸಿ ಮೀನನ್ನು ಸೀಳಲೆಂದೇ ರೂಪುಗೊಂಡಿವೆ. ಮೊದಲ ಚಾಕುವಾಗಿ ಅವು ಬೇಡ. ಎಡಗೈ ಬಳಸುವವರು ಅಂಚು ಎರಡೂ ಬದಿಗೆ ಸಮನಾಗಿದೆಯೇ ಎಂದು ವಿಚಾರಿಸಿಕೊಳ್ಳಬೇಕು, ಏಕೆಂದರೆ ಕೆಲವು ಗ್ಯೂತೊಗಳನ್ನು ಬಲಗೈಗೆ ಹೊಂದುವಂತೆ ಓರೆಯಾಗಿ ಸಾಣೆ ಹಿಡಿದಿರುತ್ತಾರೆ.

ಜಪಾನಿನಲ್ಲಿ 10,000ದಿಂದ 20,000 ಯೆನ್ ಒಳಗೆ ಇಂತಹ ಒಳ್ಳೆಯ ಚಾಕು ದೊರೆಯುತ್ತದೆ. ಆದರೆ ಇಡೀ ಹಣವನ್ನು ಚಾಕುವಿಗೇ ಸುರಿಯದೆ, ಒಂದು ಪಾಲನ್ನು 1000 ಸಂಖ್ಯೆಯ (ಕಲ್ಲಿನ ಕಣಗಳು ಎಷ್ಟು ನಯವೆಂದು ತಿಳಿಸುವ ಸಂಖ್ಯೆ) ಸಾಣೆಕಲ್ಲಿಗೆ ತೆಗೆದಿಡಬೇಕು. ಕಲ್ಲಿನ ಮೇಲೆ ಒಂದು ಬದಿಯನ್ನು ಒಂದೇ ಕೋನದಲ್ಲಿ ಉಜ್ಜುತ್ತಾ ಹೋದರೆ, ಉಕ್ಕು ಅಂಚನ್ನು ದಾಟಿ ಆಚೆ ಬದಿಗೆ ಕೂದಲೆಳೆಯಷ್ಟು ಸಣ್ಣ ಸಿಬಿರಾಗಿ ಏಳುತ್ತದೆ. ಬೆನ್ನಿನ ಕಡೆಯಿಂದ ಅಂಚಿನತ್ತ ಬೆರಳನ್ನು ಮೆಲ್ಲಗೆ ಸರಿಸಿದರೆ ಅದು ತಡೆಯುವುದು ಗೊತ್ತಾಗುತ್ತದೆ. ಬುಡದಿಂದ ಮೊನೆಯವರೆಗೂ ಅದು ಎದ್ದ ಮೇಲಷ್ಟೇ ಬದಿ ಬದಲಿಸಿ, ಕೊನೆಗೆ ಒತ್ತಡವಿಲ್ಲದೆ ಎರಡೂ ಬದಿಗೆ ಹಗುರವಾಗಿ ಎಳೆದು ಅದನ್ನು ಕಳಚಬೇಕು. ದಿನ ಕಳೆದಂತೆ ಕಲ್ಲಿನ ನಡುಭಾಗ ಸವೆದು ತಗ್ಗಾಗುತ್ತದೆ, ಕೋನ ತಪ್ಪುತ್ತದೆ. ಅದನ್ನು ಮಟ್ಟ ಮಾಡಲು ದುಬಾರಿ ವಜ್ರದ ಫಲಕವೇ ಆಗಬೇಕೆಂದಿಲ್ಲ; ಸಪಾಟಾದ ಗಾಜಿನ ಮೇಲೆ ನೀರಿಗೆ ತಾಳುವ ಮರಳು ಕಾಗದವನ್ನು ಹಾಸಿ ಕಲ್ಲನ್ನು ಉಜ್ಜಿದರೂ ನಡೆಯುತ್ತದೆ. ತರಕಾರಿ ಹೆಚ್ಚಲೆಂದು ಮಾರುವ ಗಾಜಿನ ಹಲಗೆ ಒಳ್ಳೆಯ ಅಂಚನ್ನು ಕೆಲವೇ ಏಟಿಗೆ ಮೊಂಡಾಗಿಸುತ್ತದಾದ್ದರಿಂದ, ಅಂತಹದೊಂದು ಮನೆಯಲ್ಲಿದ್ದರೆ ಅದನ್ನು ಈ ಕೆಲಸಕ್ಕೆ ಹಚ್ಚಿ, ಹೆಚ್ಚುವುದಕ್ಕೆ ಮರದ್ದನ್ನು ಇಟ್ಟುಕೊಳ್ಳಬಹುದು.