ಬೇಸ್‌ಬಾಲ್ ಮೈದಾನದ ಅಳತೆ: ಹೋಮ್ ಪ್ಲೇಟಿನ ತುದಿಯಿಂದ ಶುರು ಮಾಡಿ

ಬೇಸ್‌ಬಾಲ್ ಮೈದಾನದ ಅಳತೆ ಓದೋಕೆ ಕೂತ್ರೆ 90, 127, 60, 95, 17 ಅಂತ ಅಂಕಿಗಳು ಒಂದ್ರ ಹಿಂದೆ ಒಂದು ಬಂದು ತಲೆ ಚಿಟ್ಟು ಹಿಡಿಯತ್ತೆ. ನಾನು ಮೊದಲು ಎಲ್ಲಾನೂ ಉರು ಹೊಡೆದೆ, ಎರಡೇ ದಿನಕ್ಕೆ ಮರೆತೋಯ್ತು. ಆಮೇಲೆ ಚಿತ್ರ ಬರೀತಾ ಕೂತಾಗ ಗೊತ್ತಾಯ್ತು, ಮುಖ್ಯವಾದ ಅಳತೆಗಳೆಲ್ಲ ಹೊರಡೋದು ಒಂದೇ ಚುಕ್ಕಿಯಿಂದ, ಅದು ಹೋಮ್ ಪ್ಲೇಟಿನ ಹಿಂದಿನ ಚೂಪು ತುದಿ. ಒಂದು ಹಾಳೆ ತಗೊಂಡು ಆ ಚುಕ್ಕಿ ಇಟ್ಕೊಂಡು ಇದನ್ನ ಓದಿ.

ಹೋಮ್ ಪ್ಲೇಟ್ ಐದು ಮೂಲೆಯ ಬಿಳಿ ರಬ್ಬರ್ ಹಲಗೆ, ಬ್ಯಾಟರ್ ಇದರ ಪಕ್ಕ ನಿಂತು ಹೊಡೀತಾನೆ. ಪಿಚರ್ (ಚೆಂಡು ಎಸೆಯೋನು) ಕಡೆ ಇರೋ ಅಂಚು 17 ಇಂಚು, ಎರಡು ಪಕ್ಕ ಎಂಟೂವರೆ ಇಂಚು, ಅಲ್ಲಿಂದ ಓರೆಯಾಗಿ ಹಿಂದಕ್ಕೆ ಬಂದು ಕೂಡೋ ಎರಡು ಅಂಚು 12 ಇಂಚು. ಈ ಓರೆ ಅಂಚುಗಳನ್ನ ಹಾಗೇ ಮುಂದಕ್ಕೆ ಎಳೀತಾ ಹೋದ್ರೆ ಅವೇ ಎರಡು ಫೌಲ್ ಲೈನ್ (ಆಟದ ಗಡಿ ಗೆರೆ), ಅಂದ್ರೆ ಇಡೀ ಮೈದಾನದ ಲಂಬಕೋನ ಈ ಪುಟ್ಟ ಹಲಗೆ ಒಳಗೇ ಇದೆ. (ಲೆಕ್ಕ ಇಷ್ಟ ಇರೋರಿಗೆ: 12ರ ವರ್ಗ ಎರಡು ಸಲ ಕೂಡಿದ್ರೆ 288, ಆದ್ರೆ 17ರ ವರ್ಗ 289, ಹಾಗಾಗಿ ರೂಲ್ ಬುಕ್ಕಿನ ಅಂಕಿಗಳಿಂದ ಪಕ್ಕಾ 90 ಡಿಗ್ರಿ ಬರಲ್ಲ, ಕೂದಲೆಳೆಯಷ್ಟು ವ್ಯತ್ಯಾಸ ಇದೆ. ನನಗಂತೂ ಇದು ತುಂಬಾ ಇಷ್ಟ ಆಯ್ತು.)

ಇನ್ನು ಡೈಮಂಡ್, ಅಂದ್ರೆ ಹೋಮ್ ಪ್ಲೇಟ್ ಮತ್ತು ಓಡೋರು ಮುಟ್ಟಬೇಕಾದ ಮೂರು ಬೇಸ್ ಸೇರಿ ಆಗೋ ಆಕಾರ. ಹೆಸರು ವಜ್ರ ಆದ್ರೂ ಅದು ಮೂಲೆ ಮೇಲೆ ನಿಂತಿರೋ ಚೌಕ ಅಷ್ಟೇ, ಒಂದೊಂದು ಬದಿ 90 ಅಡಿ, ಸುಮಾರು 27.43 ಮೀಟರ್. ಗೆರೆ ಹಾಕೋ ರೀತಿನೇ ಚೆನ್ನಾಗಿದೆ, ಕೋನ ಅಳೆಯೋ ಉಪಕರಣ ಏನೂ ಬೇಡ, ಟೇಪ್ ಸಾಕು. ತುದಿಯಿಂದ ನೇರ ಮುಂದಕ್ಕೆ 127 ಅಡಿ 3 3/8 ಇಂಚು ಅಳೆದ್ರೆ ಸೆಕೆಂಡ್ ಬೇಸ್. ಇದು 90 ಅಡಿ ಚೌಕದ ಕರ್ಣ, ಪೈಥಾಗೊರಸ್ ಹಾಕಿ ನೋಡಿ. ಆಮೇಲೆ ತುದಿಯಿಂದ 90 ಅಡಿ, ಸೆಕೆಂಡ್ ಬೇಸಿಂದ 90 ಅಡಿ, ಎರಡೂ ಟೇಪ್ ಬಲಗಡೆ ಸೇರೋ ಜಾಗ ಫಸ್ಟ್ ಬೇಸ್, ಎಡಗಡೆ ಸೇರೋದು ಥರ್ಡ್.

ಎಡವೋದು ಇಲ್ಲೇ. ಫಸ್ಟ್ ಮತ್ತು ಥರ್ಡ್ ಬೇಸಿನ ಬ್ಯಾಗ್ (ಬೇಸ್ ಗುರುತಿಗೆ ಇಡೋ ಮೆತ್ತೆ) ಪೂರ್ತಿ ಚೌಕದ ಒಳಗಡೆ ಕೂರತ್ತೆ, ಸೆಕೆಂಡ್ ಬೇಸ್ ಮಾತ್ರ ಅದರ ನಡುಮಧ್ಯ ಮೂಲೆ ಮೇಲೆ ಬರೋ ಥರ ಕೂರತ್ತೆ. ಅಮೆರಿಕದ ಮೇಜರ್ ಲೀಗಲ್ಲಿ 2023ರಿಂದ ಬ್ಯಾಗ್ 15 ಇಂಚಿಂದ 18 ಇಂಚಿಗೆ ದೊಡ್ಡದಾಯ್ತು. ಹೋಮಿಂದ ಫಸ್ಟಿಗೆ ಓಟ 3 ಇಂಚು ಕಮ್ಮಿ ಆಯ್ತು, ಆದ್ರೆ ಫಸ್ಟಿಂದ ಸೆಕೆಂಡಿಗೆ ನಾಲ್ಕೂವರೆ ಇಂಚು, ಯಾಕಂದ್ರೆ ಫಸ್ಟ್ ಕಡೆಯಿಂದ 3, ಸೆಕೆಂಡ್ ಬ್ಯಾಗ್ ಎರಡೂ ಕಡೆ ಹಂಚ್ಕೊಂಡು ಬೆಳೆದಿದ್ರಿಂದ ಅಲ್ಲಿಂದ ಒಂದೂವರೆ. ಮೂಲೆಗಳು ಮಾತ್ರ ಇದ್ದಲ್ಲೇ ಇವೆ, 90 ಅಡಿ ಬದಲಾಗಿಲ್ಲ.

ಪಿಚರ್ ನಿಲ್ಲೋದು ಚೌಕದ ನಡುಮಧ್ಯ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಅಲ್ಲ. ತುದಿಯಿಂದ ಪಿಚಿಂಗ್ ರಬ್ಬರಿನ (ಪಿಚರ್ ಕಾಲೂರೋ ಪಟ್ಟಿ) ಮುಂದಿನ ಅಂಚಿಗೆ 60 ಅಡಿ 6 ಇಂಚು, ಚೌಕದ ಮಧ್ಯ ಇರೋದು ಸುಮಾರು 63 ಅಡಿ 8 ಇಂಚಲ್ಲಿ, ಅಂದ್ರೆ ರಬ್ಬರ್ ಮೂರಡಿ ಬ್ಯಾಟರ್ ಕಡೆಗೇ ಇದೆ. ಈ ದೂರ 1893ರಿಂದ ಹಾಗೇ ಉಳ್ಕೊಂಡಿದೆ. ಮೌಂಡ್ ಅನ್ನೋ ಮಣ್ಣಿನ ದಿಬ್ಬ 18 ಅಡಿ ವ್ಯಾಸದ ವೃತ್ತ, ಅದರ ಕೇಂದ್ರ ತುದಿಯಿಂದ 59 ಅಡಿಗೆ, ಹಾಗಾಗಿ ರಬ್ಬರ್ ದಿಬ್ಬದ ಮಧ್ಯದಲ್ಲೂ ಇಲ್ಲ, 18 ಇಂಚು ಹಿಂದಿದೆ. ಎತ್ತರ 10 ಇಂಚು. ಮೊದಲು 15 ಇತ್ತು, 1968ರಲ್ಲಿ ಪಿಚರ್‌ಗಳದ್ದೇ ದರ್ಬಾರು, ಪಿಚರ್ ಬಾಬ್ ಗಿಬ್ಸನ್ ಅವರ ಅರ್ನ್ಡ್ ರನ್ ಸರಾಸರಿ (ಒಂಬತ್ತು ಇನ್ನಿಂಗ್ಸಿಗೆ ಬಿಟ್ಟುಕೊಟ್ಟ ರನ್) ಬರೀ 1.12, ಬ್ಯಾಟರ್‌ಗಳಿಗೆ ಉಸಿರಾಡೋಕೆ ಜಾಗ ಬೇಕು ಅಂತ 1969ಕ್ಕೆ ದಿಬ್ಬ ತಗ್ಗಿಸಿದ್ರು.

ತುದಿ ಬಿಟ್ಟು ಬೇರೆ ಕಡೆಯಿಂದ ಅಳೆಯೋದು ಇನ್‌ಫೀಲ್ಡ್ (ಬೇಸ್ ಸುತ್ತಲ ಜಾಗ) ಮಣ್ಣು ಮುಗಿದು ಹುಲ್ಲು ಶುರುವಾಗೋ ಕಮಾನು. ರಬ್ಬರ್ ಮೇಲೆ ಕಂಪಾಸ್ ಇಟ್ಟು 95 ಅಡಿ ತ್ರಿಜ್ಯ ತಗೊಳ್ಳಿ. ಬ್ಯಾಟರ್ ಬಾಕ್ಸ್ 4 ಅಡಿ ಅಗಲ, 6 ಅಡಿ ಉದ್ದ, ಪ್ಲೇಟಿಂದ 6 ಇಂಚು ದೂರ, ಅಷ್ಟೇ.

ಔಟ್‌ಫೀಲ್ಡಿಗೆ (ಆ ಕಮಾನಿನ ಆಚೆಗೆ) ಬಂದ್ರೆ ಈ ಕಟ್ಟುನಿಟ್ಟೆಲ್ಲ ಹೋಗಿಬಿಡತ್ತೆ. 1958ರ ಜೂನ್ ನಂತರ ವೃತ್ತಿಪರ ಕ್ಲಬ್‌ಗಳು ಕಟ್ಟೋ ಮೈದಾನಕ್ಕೆ ಹೋಮಿಂದ ಬೇಲಿವರೆಗೆ ಫೌಲ್ ಲೈನ್ ಉದ್ದಕ್ಕೂ ಕನಿಷ್ಠ 325 ಅಡಿ, ಸೆಂಟರಿಗೆ 400 ಅಂತ ನಿಯಮ ಇದೆ, ಆದ್ರೂ ವಿನಾಯಿತಿ ಸಿಕ್ಕಿರೋ ಮೈದಾನಗಳಿವೆ. ಬಾಸ್ಟನ್ನಿನ ಫೆನ್‌ವೇ ಪಾರ್ಕ್ 1912ರದ್ದು, ಅಲ್ಲಿ ಎಡ ಲೈನ್ 310 ಅಡಿ, ಬಲ ಲೈನ್ ಬರೀ 302. ಎಡಗಡೆ ದೂರ ಕಮ್ಮಿ ಆಗಿರೋದಕ್ಕೆ ಎದುರಾಗಿ ಸುಮಾರು 37 ಅಡಿ ಎತ್ತರದ ಗ್ರೀನ್ ಮಾನ್‌ಸ್ಟರ್ ಗೋಡೆ ನಿಂತಿದೆ, ಹಾಗಾಗಿ ಬೇರೆ ಕಡೆ ಬೇಲಿ ದಾಟಿ ಹೋಮ್ ರನ್ ಆಗೋ ಹೊಡೆತ ಅಲ್ಲಿ ಗೋಡೆಗೆ ಬಡಿದು ಬರೀ ಡಬಲ್ (ಸೆಕೆಂಡ್ ಬೇಸ್ ತನಕದ ಹೊಡೆತ) ಆಗಬಹುದು.

ನೆನಪಿಡಬೇಕಾದ ಇನ್ನೊಂದು: ಫೌಲ್ ಲೈನ್ ಮತ್ತು ಫೌಲ್ ಪೋಲ್ (ಆ ಗೆರೆ ಕೊನೆಯ ಕಂಬ), ಹೆಸರು ಏನೇ ಇರ್ಲಿ, ಎರಡೂ ಫೇರ್, ಅಂದ್ರೆ ಆಟದ ಒಳಗಿನವು. ನೆಲಕ್ಕೆ ತಾಗದೆ ಹಾರಿ ಬಂದ ಚೆಂಡು ಪೋಲಿಗೆ ಬಡಿದ್ರೆ ಹೋಮ್ ರನ್.

ಚಿತ್ರ ಮುಗಿದ ಮೇಲೆ ದಿಕ್ಕಿನ ಬಾಣ ಹಾಕಿ. ತುದಿಯಿಂದ ರಬ್ಬರ್ ಮೇಲೆ ಹಾದು ಸೆಕೆಂಡ್ ಬೇಸಿಗೆ ಹೋಗೋ ಗೆರೆ ಪೂರ್ವ ಮತ್ತು ಈಶಾನ್ಯದ ನಡುವೆ ಮುಖ ಮಾಡಿದ್ರೆ ಒಳ್ಳೇದು ಅನ್ನತ್ತೆ ರೂಲ್ ಬುಕ್, ಆಗ ಮಧ್ಯಾಹ್ನ ಇಳಿಯೋ ಸೂರ್ಯ ಬ್ಯಾಟರ್ ಬೆನ್ನ ಕಡೆ ಇರ್ತಾನೆ, ವೇಗವಾಗಿ ಬರೋ ಚೆಂಡು ಕಣ್ಣಿಗೆ ಸರಿಯಾಗಿ ಕಾಣತ್ತೆ.